ಮೊಣಕಾಲೆತ್ತರದ ಯಂತ್ರ

ಐಸು ಹೆರೆಯುವ ಯಂತ್ರದ ಅಲಗಿನ ಸ್ಕ್ರೂವನ್ನು ಮತ್ತೆ ಬಿಗಿ ಮಾಡಿದ್ದೆನೋ ಇಲ್ಲವೋ ಎಂಬುದು ಇಂದ್ರೇಶನಿಗೆ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಸಡಿಲ ಮಾಡಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ನಿನ್ನೆ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ, ಐಸ್ ಫ್ಯಾಕ್ಟರಿಯಿಂದ ತಂದ ಗಡ್ಡೆಯನ್ನು ಮುಳ್ಳಿನ ತಟ್ಟೆಗೆ ಕಚ್ಚಿಸಿ ಹಿಡಿಕೆ ತಿರುಗಿಸಿದಾಗ, ಇಷ್ಟು ದಿನ ದಪ್ಪ ರವೆಯಂತೆ ಉದುರುತ್ತಿದ್ದ ಐಸು ಮೊದಲ ಸಲ ತೆಳ್ಳಗೆ, ಸುರುಳಿಸುರುಳಿಯಾಗಿ ಬಟ್ಟಲಿಗೆ ಬಿತ್ತು. ಬೆರಳು ತಾಗಿದ ಕೂಡಲೇ ನೀರಾಯಿತು. ಕೆಲಸ ಕೈಗೂಡಿದವನು ಕುಣಿಯಬೇಕು, ಇಂದ್ರೇಶನಿಗೆ ಹೆದರಿಕೆಯಾಯಿತು. ಸುತ್ತ ಯಾರೂ ಇರಲಿಲ್ಲ. ಸ್ಪ್ಯಾನರ್ ಎತ್ತಿಕೊಂಡು ಆ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಮಾಡಿದ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಅಲಗು ಅಷ್ಟು ಸಡಿಲವಿದ್ದರೆ ಮೊದಲ ನಾಲ್ಕಾರು ಐಸ್ ಗೋಲಾ ಚೆನ್ನಾಗಿಯೇ ಬರುತ್ತವೆ, ಆಮೇಲೆ ಅದು ಜರುಗಿ ಐಸಿಗೆ ಕಚ್ಚಿಕೊಂಡು ಎಲ್ಲ ನಿಂತುಹೋಗುತ್ತದೆ ಎಂಬುದಂತೂ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಯಾರೋ ಕಾಯಿ ಸುಲಿಯುವ ಯಂತ್ರದ ಬೇರಿಂಗ್ ಕೇಳಿಕೊಂಡು ಫೋನ್ ಮಾಡಿದರು, ಟೀ ಬಂತು, ಕರೆಂಟ್ ಹೋಯಿತು. ಮತ್ತೆ ಬಿಗಿ ಮಾಡಿದೆನೆ? ಮಾಡಿರಲೇಬೇಕು. ಮಾಡದೆ ಗೋಣಿ ಸುತ್ತುವಷ್ಟು ನೀಚನೇನಲ್ಲ ತಾನು. ಅಥವಾ ಅಷ್ಟು ನೀಚನೇ ಇರಬಹುದು. ಒಳಗಿನದು ಯಾರಿಗೆ ಕಾಣುತ್ತದೆ.

ಬಸ್ಸು ಬಾಣಾವರದ ಕಡೆ ಓಡುತ್ತಿತ್ತು. ಯಂತ್ರ ಅವನ ಕಾಲುಗಳ ನಡುವೆ ಗೋಣಿಚೀಲ ಹೊದ್ದು ಕೂತಿತ್ತು. ಹಿಡಿಕೆಯೊಂದು ಮಾತ್ರ ಚೀಲದ ಬಾಯಿಂದ ಹೊರಗೆ ಚಾಚಿಕೊಂಡು ಹೋಗಿಬರುವವರ ಪಂಚೆ ಸೀರೆಗಳನ್ನು ಎಳೆಯುತ್ತಿತ್ತು. ಚೀಲ ಬಿಚ್ಚಿ ಒಂದು ಸಲ ಬೆರಳಿಟ್ಟು ನೋಡಿದರೆ ಅನುಮಾನ ಮುಗಿಯುತ್ತದೆ. ಆದರೆ ಬಸ್ಸಿನಲ್ಲಿ ಬಿಚ್ಚಿದರೆ ಹತ್ತು ಜನ ಬಗ್ಗಿ ನೋಡುತ್ತಾರೆ, ಇದೇನು ಎನ್ನುತ್ತಾರೆ, ಹೇಳಬೇಕಾಗುತ್ತದೆ. ಹತ್ತುವಾಗಲೇ ಕಂಡಕ್ಟರ್ ಕೇಳಿದ್ದ, "ಏನ್ ಸಾರ್ ಇದು, ಲಗೇಜ್ ಹಾಕ್ಬೇಕಲ್ಲ?" ಕೊಬ್ಬರಿ ತುರಿಯೋ ಮೆಷಿನ್ನು ಎಂದುಬಿಟ್ಟಿದ್ದ ಇಂದ್ರೇಶ. ಬಾಯಿಂದ ಬಿದ್ದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಐಸಿನ ಮೆಷಿನ್ ಅಂದಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಕಂಡಕ್ಟರನೇನು ನೆಂಟನೇ, ಮಠದವನೇ? ಪಕ್ಕದ ಸೀಟಿನ ಮುದುಕಿ, "ಒಸಿ ಅತ್ತಾಗ್ ಜರುಗ್ಸಪ್ಪ, ಕಾಲ್ಗೆ ತಾಕ್ತೈತೆ" ಎಂದಳು. ಅವನು ಯಂತ್ರವನ್ನು ಇನ್ನೂ ಒಳಕ್ಕೆಳೆದು ತೊಡೆಗಳಿಂದ ಅವುಚಿ ಹಿಡಿದ. ಕಬ್ಬಿಣದ ಕಾಲೊಂದು ಮೀನಖಂಡಕ್ಕೆ ಒತ್ತುತ್ತಿತ್ತು. ಒತ್ತಲಿ ಎಂದು ಸುಮ್ಮನಾದ.

ಅವನ ತಂಗಿ ಅರುಣಾ ಹಳೇಬೀಡಿನ ದೇವಸ್ಥಾನದ ಮುಂದೆ ತಳ್ಳುಗಾಡಿ ಇಟ್ಟುಕೊಂಡು ಐಸ್ ಗೋಲಾ ಮಾರುತ್ತಾಳೆ. ಈ ಒಂದು ವಾಕ್ಯವನ್ನು ಇಂದ್ರೇಶ ಇದುವರೆಗೆ ಯಾರೆದುರೂ ಪೂರ್ತಿ ಹೇಳಿರಲಿಲ್ಲ. ಹಳೇಬೀಡಲ್ಲಿದಾಳೆ ಎನ್ನುತ್ತಿದ್ದ. ಕೆದಕಿದರೆ, ಏನೋ ಸಣ್ಣ ಬಿಸಿನೆಸ್ಸು ಎಂದು ಮಾತು ಬದಲಿಸುತ್ತಿದ್ದ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ದೇವೀರಪ್ಪನವರ ಮನೆಯವರು ಎಂದರೆ ಇವತ್ತಿಗೂ ಕುರ್ಚಿ ಎಳೆದು ಕೊಡುವವರಿದ್ದಾರೆ. ಅಪ್ಪ ತೀರಿಕೊಂಡು, ಮಂಡಿ ಬೇರೆಯವರ ಕೈ ಸೇರಿ, ಮಗ ಲೇತ್ ಹಾಕಿಕೊಂಡು ಕೈಯೆಲ್ಲ ಮಸಿ ಮಾಡಿಕೊಂಡ ಮೇಲೂ ಆ ಕುರ್ಚಿಗೇನೂ ಆಗಿರಲಿಲ್ಲ. ಅಂಥ ಮನೆಯ ಮಗಳು ಗಂಡನ ಮನೆ ಬಿಟ್ಟಾಗ ತೌರಿಗೆ ಬರಬೇಕಿತ್ತು. ಬರದೆ ಹಳೇಬೀಡಿನಲ್ಲಿ ಒಂದು ರೂಮು ಹಿಡಿದಳು. ಅಲ್ಲೇ ಯಾಕೆ ಎಂದು ಕೇಳಿದ್ದಕ್ಕೆ, "ಅಲ್ಲಿ ಯಾರಿಗೂ ಅಪ್ಪನ ಹೆಸರು ಗೊತ್ತಿಲ್ಲ" ಎಂದಳು. ಬೈದಳೋ ತಮಾಷೆ ಮಾಡಿದಳೋ ಅವನಿಗೆ ಇಂದಿಗೂ ತಿಳಿದಿಲ್ಲ. ನಮ್ಮನೇಲೇ ಇರ್ಬಹುದಿತ್ತಲ್ಲ ಎಂದು ಅವನು ಅಂದಾಗ, "ಇರ್ಬಹುದಿತ್ತು" ಎಂದು ಒಪ್ಪಿಕೊಂಡಳು. ಆಮೇಲೆ, "ಅಡುಗೆಮನೇಲಿ" ಎಂದಳು.

ಬಾಣಾವರದಲ್ಲಿ ಬಸ್ಸು ನಿಂತಿತು. ಸೌತೆಕಾಯಿ ಮಾರುವವಳು ಕಿಟಕಿಗೆ ಬುಟ್ಟಿ ಎತ್ತಿ ಹಿಡಿದಳು. ಬಿಸಿಲಿಗೆ ಅವಳ ಮುಖ ಕಪ್ಪಿಟ್ಟು ಎಣ್ಣೆ ಎಣ್ಣೆಯಾಗಿತ್ತು. ಇವಳಿಗೂ ಒಬ್ಬ ಅಣ್ಣ ಇರಬಹುದು ಎಂದು ಇಂದ್ರೇಶನಿಗೆ ಅನಿಸಿತು. ಅವನು ಎಲ್ಲೋ ಹೊಲದಲ್ಲಿರುತ್ತಾನೆ, ತಂಗಿ ಸೌತೆಕಾಯಿ ಮಾರುತ್ತಾಳೆ ಎನ್ನಬೇಕಾದಾಗ ಅವನೇನೂ ಮಾತು ಬದಲಿಸುವುದಿಲ್ಲ. ನನಗೆ ಯಾಕೆ ಹೀಗೆ? ಬೇಡದಿದ್ದರೂ ಒಂದು ಸೌತೆಕಾಯಿ ಕೊಂಡ. ತಿನ್ನಲಾಗದೆ ಕೈಯಲ್ಲೇ ಹಿಡಿದು ಕೂತ. ಯುಗಾದಿಗೆ ತೌರಿಗೆ ಬಂದಾಗ ಅರುಣಾಳ ಬೆರಳಿಗೆ ದಪ್ಪ ಬ್ಯಾಂಡೇಜಿತ್ತು, ಒಬ್ಬಟ್ಟು ತಟ್ಟಲಾಗದೆ ಬಾಗಿಲಿಗೊರಗಿ ಕೂತಿದ್ದಳು. ಅವಳ ಬಳಿ ಇದ್ದದ್ದು ಬಡಗಿಯ ಉಜ್ಜುಗೊರಡನ್ನು ಅಂಗಾತ ಮಲಗಿಸಿದಂಥ ಹಲಗೆ; ಐಸಿನ ಗಡ್ಡೆಯನ್ನು ಬಟ್ಟೆಯಲ್ಲಿ ಒತ್ತಿ ಹಿಡಿದು ಅದರ ಮೇಲೆ ಉಜ್ಜಬೇಕು. ಕೈ ಮರಗಟ್ಟಿದ ಮೇಲೆ ಕೊಯ್ದದ್ದು ತಿಳಿಯುವುದೇ ಇಲ್ಲವಂತೆ. "ಮೇಲೆ ರೋಸ್ ಸಿರಪ್ ಹಾಕಿದ್ದೆ ಅಣ್ಣ, ರಕ್ತ ಯಾವ್ದು ಸಿರಪ್ ಯಾವ್ದು ಗೊತ್ತಾಗ್ಲಿಲ್ಲ. ಮಗು ತಿನ್ನೋಕೆ ಬಾಯ್ ತೆಗೀತು, ಆಗ ಬೆರಳು ನೋಡ್ಕೊಂಡೆ. ಕಿತ್ಕೊಂಡುಬಿಟ್ಟೆ. ಅದರಮ್ಮ ಎಷ್ಟು ಬೈದ್ಲು ಗೊತ್ತಾ!" ನಗುತ್ತ ನಗುತ್ತ ಹೇಳಿದಳು. ನಗು ಮುಗಿದ ಮೇಲೆ, "ಒಂದು ಕೈ ಮೆಷಿನ್ ಮಾಡ್ಕೊಡೋ. ಕರೆಂಟ್ ಇಲ್ದೇ ತಿರುಗ್ಬೇಕು. ಈ ಬೇಸಿಗೆ ಹೀಗೇ ದಾಟಿದ್ರೆ ರೂಮಿನ ಬಾಡಿಗೆಗೂ ತೊಂದರೆ, ಮನೆಗೇ ಬರ್ಬೇಕಾಗುತ್ತೆ" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಅಣ್ಣನನ್ನು ಕೇಳಿದ್ದು ಅದೊಂದೇ.

ರೆಡಿಮೇಡ್ ಯಂತ್ರ ಬೆಂಗಳೂರಿನಲ್ಲಿ ಸಿಗುತ್ತದೆ. ತರಿಸಿಕೊಟ್ಟಿದ್ದರೆ ಒಂದು ವಾರದ ಮಾತು. ಇಂದ್ರೇಶ ತಾನೇ ಮಾಡುತ್ತೇನೆ ಎಂದ. ಅದು ತಂಗಿಯ ಮೇಲಿನ ಪ್ರೀತಿಯೋ, ಬೇಸಿಗೆ ಮುಗಿಯುವವರೆಗೆ ಮೆಲ್ಲಗೆ ತಳ್ಳುವ ಉಪಾಯವೋ ಎಂದು ಆಗಲೇ ಒಂದು ಹುಳ ಒಳಗೆ ಸೇರಿತ್ತು. ತೆಂಗಿನ ಸೀಮೆಯವನ ಕೈ ಮೊದಲು ಹೋದದ್ದು ಕಾಯಿ ತುರಿಯುವ ಹಲ್ಲಿನ ಕಡೆಗೇ. ಐಸು ಚೂರುಚೂರಾಗಿ ಸಿಡಿಯಿತು. ಅಯ್ಯೋ ಕೆಟ್ಟಿತಲ್ಲ ಎಂದುಕೊಂಡ, ಒಳಗೊಳಗೇ ಹಗುರವೂ ಆದ. ಆಮೇಲೆ ಚಪ್ಪಟೆ ಅಲಗು ಹಾಕಿದ, ಅದರ ಓರೆ ಹೆಚ್ಚಾಯಿತು. ಗುಜರಿಯಲ್ಲಿ ಸಿಕ್ಕ ಹಲ್ಲುಚಕ್ರಗಳನ್ನು ಜೋಡಿಸಿದ, ಅವು ಕಿರುಗುಟ್ಟಿದವು. ಪ್ರತಿ ಸಲ ಕೆಟ್ಟಾಗಲೂ ಬೇಸರ ಪಟ್ಟುಕೊಂಡು, ಆ ಬೇಸರ ನಿಜವಾದದ್ದೇ ಎಂದು ತನ್ನನ್ನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದ. ಅರುಣಾ ಫೋನ್ ಮಾಡಿ ಆಯ್ತಾ ಎಂದು ಕೇಳುತ್ತಿರಲಿಲ್ಲ. ಕೇಳಿದ್ದರೆ ರೇಗಬಹುದಿತ್ತು, ರೇಗಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವಳು ಊಟ ಆಯ್ತಾ, ಅವ್ವ ಹೇಗಿದಾಳೆ ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದಳು.

ಜಾವಗಲ್ ದಾಟಿದ ಮೇಲೆ ಬಸ್ಸಿನೊಳಗೆ ಗಾಳಿ ಬಿಸಿಯಾಯಿತು. ಹಿಡಿಕೆಯ ಎತ್ತರ ಎಷ್ಟಿರಬೇಕು ಎಂದು ನೋಡಲು ಅವ್ವನನ್ನೇ ವರ್ಕ್‌ಶಾಪಿಗೆ ಕರೆದು ಕೂರಿಸಿದ್ದ. ರುದ್ರಮ್ಮ ಸೆರಗು ಸಿಕ್ಕಿಸಿ, ರಾಗಿ ಕಲ್ಲಿನ ಮುಂದೆ ಕೂರುವ ಹಾಗೆ ಒಂದು ಕಾಲು ಚಾಚಿ ಒಂದು ಕಾಲು ಮಡಚಿ, ಸಿಮೆಂಟ್ ನೆಲದ ಮೇಲೆ ಕೂತಳು. ಅವ್ವ ಕೂತರೆ ಕೆಲಸ ಶುರುವಾಯಿತೆಂದೇ ಅರ್ಥ, ಅವನು ಹುಟ್ಟಿದಂದಿನಿಂದ ಕಂಡದ್ದು ಹಾಗೆಯೇ: ತುರಿಮಣೆ, ಈಳಿಗೆಮಣೆ, ಒರಳು, ಎಲ್ಲವೂ ನೆಲಕ್ಕೆ. ಐಸಿಲ್ಲದ ಖಾಲಿ ಯಂತ್ರವನ್ನು ಅವಳು ಗರಗರ ತಿರುಗಿಸಿ, "ಹಗುರಾಗೈತೆ ಕಣೋ" ಎಂದಳು. ಅವನು ಅವಳ ಮೊಣಕೈ ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ಯಾರಿಗಿದು ಎಂದು ಅವ್ವ ಕೇಳಿದಳು. ಒಂದು ಆರ್ಡರ್ ಬಂದೈತೆ ಎಂದ. ರುದ್ರಮ್ಮ ಹಿಡಿಕೆಯ ಮಸಿಯನ್ನು ಸೆರಗಿನಲ್ಲಿ ಒರೆಸಿದಳು, ಒರೆಸುತ್ತಲೇ ಇದ್ದಳು. ಆಮೇಲೆ, "ಅವ್ಳ ಕೈ ನಂದಕ್ಕಿಂತ ಒಸಿ ಗಿಡ್ಡ" ಎಂದಳು. ಇಂದ್ರೇಶ ಕೇಳಿಸದವನಂತೆ ವೆಲ್ಡಿಂಗ್ ಕನ್ನಡಕ ಹಾಕಿಕೊಂಡ. ಆ ಗೆರೆಯ ಅಳತೆಗೇ ನಾಲ್ಕು ಕಾಲು ಕೊಯ್ದು, ಅಲುಗಾಡಬಾರದೆಂದು ಸುತ್ತಲೂ ವೆಲ್ಡ್ ಮಾಡಿದ. ಆ ಕೆಲಸದಲ್ಲಿ ಅವನಿಗೆ ಯಾವ ಅನುಮಾನವೂ ಬಂದಿರಲಿಲ್ಲ.

ಹಳೇಬೀಡಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ದೇವಸ್ಥಾನದ ಮುಂದೆ ಟೂರಿಸ್ಟ್ ಬಸ್ಸುಗಳು ಸಾಲಾಗಿ ನಿಂತಿದ್ದವು. ಕಲ್ಲಿನ ಪುಟ್ಟ ಆನೆ ನಂದಿಗಳನ್ನು ಹರವಿಕೊಂಡವರು ಇಂದ್ರೇಶನನ್ನೂ ಪ್ರವಾಸಿಯೆಂದು ತಿಳಿದು ಕರೆದರು. ಅವನಿಗೆ ಅದು ಹಿತವಾಯಿತು. ಹಾಗೇ ನಡೆದು, ದೇವಸ್ಥಾನ ನೋಡಿಕೊಂಡು, ಕೆರೆ ಏರಿ ಮೇಲೆ ಒಂದಿಷ್ಟು ಗಾಳಿ ಕುಡಿದು, ವಾಪಸ್ ಬಸ್ ಹತ್ತಿಬಿಡಬಹುದಲ್ಲ ಎನಿಸಿತು. ಆದರೆ ಹೆಗಲ ಮೇಲೆ ಯಂತ್ರವಿತ್ತು. ಅರುಣಾ ದೊಡ್ಡ ಕೊಡೆಯ ಕೆಳಗೆ, ಕೆಂಪು ಹಸಿರು ಹಳದಿ ಸೀಸೆಗಳ ಹಿಂದೆ, ತಲೆಯ ಮೇಲೆ ಸೆರಗು ಹೊದ್ದು, ಹಣೆಗೆ ವಿಭೂತಿಯಿಟ್ಟು ನಿಂತಿದ್ದಳು. ಅಣ್ಣನನ್ನು ಕಂಡು ಅವಳ ಮುಖ ಅರಳಿತು. ಇಂದ್ರೇಶ ಯಂತ್ರವನ್ನು ಹೆಗಲಿಂದ ಇಳಿಸಿದ. ಚೀಲ ಬಿಚ್ಚುವ ನೆಪದಲ್ಲಿ ಬಗ್ಗಿ, ಅವಳಿಗೆ ಕಾಣದಂತೆ ಸ್ಕ್ರೂವಿಗೆ ಬೆರಳಿಟ್ಟ. ಬಿಗಿಯಾಗಿತ್ತು. ಜೇಬಿನಲ್ಲಿದ್ದ ಸ್ಪ್ಯಾನರ್ ಹಾಕಿ ನೋಡಿದ, ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಯಾವಾಗ ಮಾಡಿದೆನೋ ದೇವರಿಗೇ ಗೊತ್ತು, ಆದರೆ ಮಾಡಿದ್ದೆ! ನಾನು ಅಷ್ಟು ಕೆಟ್ಟವನಲ್ಲ. ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ತಲೆಯೆತ್ತಿದ.

ಅರುಣಾ ಯಂತ್ರವನ್ನೇ ನೋಡುತ್ತಿದ್ದಳು. "ಇದೇನೋ ಇಷ್ಟು ಕುಳ್ಳ?" ಎಂದಳು.

"ಗಾಡಿ ಮೇಲೆ ಇಟ್ಕೊಂಡ್ರಾಯ್ತು" ಎಂದ ಇಂದ್ರೇಶ. ಇಬ್ಬರೂ ಹಿಡಿದು ಗಾಡಿಯ ಮೇಲೆ ಎತ್ತಿಟ್ಟರು. ಹಿಡಿಕೆ ಅರುಣಾಳ ಮುಖದ ಮಟ್ಟಕ್ಕೆ ಬಂತು. ಅವಳು ಕೈ ಮೇಲೆತ್ತಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಗಾಡಿಯೇ ಓಲಾಡಿ ಸೀಸೆಗಳು ಕಣಕಣ ಎಂದವು. ಕೆಳಗಿಳಿಸಿದರು. ಈಗ ನಿಂತು ತಿರುಗಿಸಬೇಕಾದರೆ ಪೂರ್ತಿ ಸೊಂಟ ಬಗ್ಗಬೇಕು. ಗಾಡಿಯ ಮೇಲೆ ಸರಿಹೊಂದುವಂತೆ ಕಾಲು ಕೊಯ್ಯೋಣವೆಂದರೆ ಗರಗಸ ತಂದಿಲ್ಲ, ಬಿಚ್ಚೋಣವೆಂದರೆ ಅವನೇ ಸುತ್ತಲೂ ಬಲವಾಗಿ ವೆಲ್ಡ್ ಮಾಡಿದ್ದಾನೆ. ಸ್ಕ್ರೂ ಬಿಗಿ ಮಾಡಿದ ಸಂತೋಷವೆಲ್ಲ ಇಳಿದುಹೋಯಿತು. ತಂಗಿ ಬೀದಿಯಲ್ಲಿ ನಿಂತಿರುತ್ತಾಳೆ, ನಿಂತು ಮಾರುತ್ತಾಳೆ, ಅದು ಅವನಿಗೆ ಗೊತ್ತಿಲ್ಲದ ವಿಷಯವೇ? ಹಾಗಾದರೆ ಇಷ್ಟು ದಿನ ತಾನು ಯಂತ್ರ ಮಾಡುವಾಗ ಕಣ್ಣ ಮುಂದೆ ಇದ್ದದ್ದು ಯಾರು, ಎಲ್ಲಿ ಕೂತಿದ್ದವಳು? ಅವನಿಗೆ ತಲೆಯೊಳಗೆ ಏನೂ ಸರಿಯಾಗಿ ಕೂರಲಿಲ್ಲ. ಬೇಕೆಂದೇ ಮಾಡಿದ್ದಲ್ಲ ಎಂದು ಆಣೆಯಿಟ್ಟು ಹೇಳಬಲ್ಲ. ಆದರೆ ಯಾರೂ ಕೇಳಲಿಲ್ಲ.

"ವಾಪಸ್ ತಗೊಂಡೋಗ್ತೀನಿ ಕಣೇ. ಕಾಲು ಕಟ್ ಮಾಡಿ ಮುಂದಿನ ವಾರ ತಂದ್ಕೊಡ್ತೀನಿ."

"ಬೇಡ."

"ಒಂದೇ ವಾರ."

"ತಗೊಂಡೋದ್ರೆ ಇದು ಬರಲ್ಲ ಅಣ್ಣ" ಎಂದಳು ಅರುಣಾ. ಕೋಪವಿರಲಿಲ್ಲ ಅವಳ ದನಿಯಲ್ಲಿ. ಬೆರಳಿನ ಮೇಲಿನ ಬೆಳ್ಳನೆಯ ಗಾಯದ ಗುರುತನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡು, ಒಮ್ಮೆ ಅಣ್ಣನ ಮುಖ ನೋಡಿದಳು. "ಅವ್ವನ್ನ ಕೂರ್ಸಿ ಅಳತೆ ತಗೊಂಡ್ಯಾ?" ಎಂದು ಕೇಳಿದಳು. ಇಂದ್ರೇಶ ಗೋಣಿಚೀಲ ಮಡಚತೊಡಗಿದ. ಅವಳು ಅವನ ಕೈಯಲ್ಲಿದ್ದ ಗೋಣಿಚೀಲವನ್ನು ಕಿತ್ತುಕೊಂಡು, ಗಾಡಿಯ ಪಕ್ಕ, ಟಾರು ಮತ್ತು ಮಣ್ಣು ಕೂಡುವ ಜಾಗದಲ್ಲಿ ಹಾಸಿ, ಒಂದು ಕಾಲು ಚಾಚಿ ಒಂದು ಕಾಲು ಮಡಚಿ ಕೂತುಬಿಟ್ಟಳು.

"ಏಳೇ, ಏನಿದು, ಜನ ನೋಡ್ತಾರೆ."

"ನೋಡ್ಲಿ. ನೋಡಿದ್ರೆ ತಾನೆ ಕೊಳ್ಳೋದು. ಐಸ್ ಕೊಡು ಇಲ್ಲಿ."

ಅವನು ಕೊಟ್ಟ. ಅವಳು ಗಡ್ಡೆಯನ್ನು ಮುಳ್ಳಿನ ತಟ್ಟೆಗೆ ಕಚ್ಚಿಸಿ ಹಿಡಿಕೆ ತಿರುಗಿಸಿದಳು. ಅವ್ವನ ತೋಳಿನ ಅಳತೆ ಅವಳಿಗೆ ತುಸು ದೂರವೇ ಆಯಿತು. ಪ್ರತಿ ಸುತ್ತಿಗೂ ಮುಂದಕ್ಕೆ ಬಾಗಬೇಕಾಗುತ್ತಿತ್ತು. ಆದರೂ ಐಸು ಬಂತು. ಬೆಳ್ಳಗೆ, ತೆಳ್ಳಗೆ, ಸದ್ದಿಲ್ಲದೆ ಬಂದು ಬಟ್ಟಲು ತುಂಬಿತು. ಬಿಸಿಲಲ್ಲಿ ಬಾಡಿ ನಿಂತಿದ್ದ ಮಕ್ಕಳು ಒಂದೆರಡು ಹತ್ತಿರ ಬಂದವು, ಅವುಗಳ ಹಿಂದೆ ದೊಡ್ಡವರು ಬಂದರು. ನಿಂತು ಮಾರುತ್ತಿದ್ದಾಗ ಯಾರ ಕಣ್ಣಿಗೂ ಬೀಳದೆ ಹೋಗಬಹುದಾಗಿದ್ದವಳು ಈಗ ನೆಲದ ಮೇಲೆ ಕೂತು ಯಂತ್ರ ತಿರುಗಿಸುವುದನ್ನು ನೋಡಲೆಂದೇ ಜನ ಸುತ್ತುಗಟ್ಟಿದರು. ಕೂತವಳಿಗೆ ಗಾಡಿಯ ಮೇಲಿನ ಸೀಸೆ ಎಟುಕಲಿಲ್ಲ. "ರೋಸ್ ಹಾಕು", "ಅದಕ್ಕೆ ನನ್ನಾರಿ", "ಆ ಅಜ್ಜಿಗೆ ಕೊಡು ಮೊದಲು" ಎಂದು ಅವಳು ಹೇಳುತ್ತ ಹೋದಳು, ಇಂದ್ರೇಶ ಹಾಕುತ್ತ ಕೊಡುತ್ತ ಹೋದ. ಅಂಗಿಯ ಮೇಲೆ ಕೆಂಪು ಚೆಲ್ಲಿತು. ಒಂದಿಷ್ಟು ಹೊತ್ತು ಅವನಿಗೆ ಮಂಡಿಯೂ ನೆನಪಿರಲಿಲ್ಲ, ಕುರ್ಚಿಯೂ ನೆನಪಿರಲಿಲ್ಲ. ಚಿಕ್ಕವರಿದ್ದಾಗ ಕೊಬ್ಬರಿ ರಾಶಿಯ ಹಿಂದೆ ಅಂಗಡಿಯಾಟ ಆಡುವಾಗಲೂ ಅವಳೇ ಹೀಗೆ ಹುಕುಂ ಮಾಡುತ್ತಿದ್ದಳು. ಅವನಿಗೆ ನಗು ಬಂತು. ಸದ್ಯ, ಬದುಕಿಕೊಂಡೆ ಎಂದುಕೊಂಡ.

"ಏನ್ಲಾ ಇಂದ್ರೇಶ!"

ಆ ದನಿ ಹಿಂದಿನಿಂದ ಬಂತು. ಕಣಕಟ್ಟೆಯ ನಂಜುಂಡಯ್ಯ, ಅಪ್ಪನ ಜೊತೆ ಮಂಡಿಯಲ್ಲಿ ಕೂರುತ್ತಿದ್ದವರು, ಮಠದ ಯಾವ ಕೆಲಸವಿದ್ದರೂ ಮೊದಲ ಸಾಲಿನಲ್ಲಿ ಕಾಣುವವರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಹಿಂದೆ ನೆಂಟರ ದಂಡು. ಇಂದ್ರೇಶನ ಎರಡು ಕೈಯಲ್ಲೂ ಒಂದೊಂದು ಗೋಲಾ ಇತ್ತು. ಬಚ್ಚಿಡಲು ಮೂರನೆಯ ಕೈ ಇರಲಿಲ್ಲ.

"ನೀನೇನ್ಲಾ ಇಲ್ಲಿ? ನಾವು ಬೀಗರ್ನ ದೇವಸ್ಥಾನ ತೋರ್ಸೋಕೆ ಅಂತ ಕರ್ಕಂಡ್ ಬಂದ್ವಿ. ಅವ್ವ ಚೆನ್ನಾಗೈತಾ?" ಎನ್ನುತ್ತ ನಂಜುಂಡಯ್ಯ ಕೆಳಗೆ ಕೂತವಳ ಕಡೆ ನೋಡಿದರು. ಅರುಣಾಳ ತಲೆ ಬಾಗಿತ್ತು, ಸೆರಗು ಕೆನ್ನೆಗಳ ಮುಂದಕ್ಕೆ ಇಳಿದು ಹಣೆಯಷ್ಟೇ ಕಾಣುತ್ತಿತ್ತು. ಲಂಗ ಹಾಕುತ್ತಿದ್ದ ಹುಡುಗಿಯನ್ನು ಕಂಡವರಿಗೆ ಈ ಹೆಂಗಸಿನ ಗುರುತು ಸಿಗಲಿಲ್ಲ. "ಯಾರ್ಲಾ ಆಯಮ್ಮ? ಹಣೇಲಿ ವಿಭೂತಿ ಐತೆ, ನಮ್ಮ ಪೈಕಿನಾ?"

ನನ್ನ ತಂಗಿ ಎಂದು ಹೇಳಲು ಇಂದ್ರೇಶ ಬಾಯಿ ತೆರೆದ. ಹೇಳುತ್ತೇನೆಂದೇ ಅವನಿಗೆ ಖಾತ್ರಿಯಿತ್ತು. ಸ್ಕ್ರೂ ಬಿಗಿ ಮಾಡಿದ ಕೈ ಇದು, ಈಗ ತಾನೇ ಇಷ್ಟು ಗೋಲಾ ಹಂಚಿದ ಕೈ ಇದು, ಇನ್ನೇನು ಹೆದರಿಕೆ?

"ಗೊತ್ತಿಲ್ಲ" ಎಂದಿತು ಅವನ ಬಾಯಿ. "ಮೆಷಿನ್ ರಿಪೇರಿಗೆ ಕರೆದಿದ್ರು. ಟ್ರಯಲ್ ನೋಡ್ತಿದ್ದೆ."

ಯಂತ್ರ ನಿಂತಿತು. ಒಂದು ಉಸಿರೆಳೆದು ಬಿಡುವಷ್ಟು ಹೊತ್ತು, ಅಷ್ಟೆ. ಆಮೇಲೆ ಮತ್ತೆ ತಿರುಗಿತು. "ಒಳ್ಳೇದು ಬಿಡು, ಕೈಯಾಗೆ ಕೆಲ್ಸ ಐತಲ್ಲ" ಎಂದು ನಂಜುಂಡಯ್ಯ ಅವನ ಬೆನ್ನು ತಟ್ಟಿದರು. ಬೀಗರಿಗೆಲ್ಲ ಗೋಲಾ ಕೊಡಿಸಿದರು. ತಾವೂ ಒಂದು ಚೀಪಿ, "ಬಾಯಿಗಿಟ್ರೆ ಕರಗೋಯ್ತದಲ್ಲಮ್ಮ!" ಎಂದು ಅರುಣಾಳಿಗೆ ಹೇಳಿ, ನಗುತ್ತ ದೇವಸ್ಥಾನದ ಕಡೆ ಹೊರಟರು. ಅವಳು ತಲೆಯಾಡಿಸಿದಳು. ಇಂದ್ರೇಶನಿಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಓಡಿಹೋಗಿ ಅವರನ್ನು ನಿಲ್ಲಿಸಿ ಹೇಳಬೇಕು; ಅವರಿನ್ನೂ ಗೇಟಿನ ಹತ್ತಿರವೇ ಚಪ್ಪಲಿ ಬಿಡುತ್ತಿದ್ದಾರೆ, ಹತ್ತು ಹೆಜ್ಜೆ. ಏನೆಂದು ಹೇಳುವುದು? ಈಗ ಹೇಳಿದರೆ ಆಗ ಯಾಕೆ ಹಾಗೆ ಹೇಳಿದೆ ಎನ್ನುವುದಿಲ್ಲವೇ? ಅವನು ಅತ್ತ ಒಂದು ಹೆಜ್ಜೆ ಇಟ್ಟ, ಇತ್ತ ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಬಿಳಿ ಪಂಚೆ ಒಳಗೆ ಹೋಯಿತು.

ಅರುಣಾ ಇನ್ನೊಂದು ಬಟ್ಟಲು ತುಂಬಿದಳು. ಎದ್ದು ನಿಂತು, ಸೀರೆಯ ಮಣ್ಣು ಕೊಡವಿ, ತಾನೇ ಸೀಸೆ ತೆಗೆದು ಕೆಂಪು ಸಿರಪ್ ಧಾರಾಳವಾಗಿ ಸುರಿದಳು. "ಮೆಕ್ಯಾನಿಕ್ಕಿಗೆ ಒಂದು" ಎಂದು ಅವನ ಮುಂದೆ ಹಿಡಿದಳು.

"ಅರುಣಾ..."

"ಕರಗುತ್ತೆ, ತಿನ್ನಿ."

ಅವನು ಇಸಿದುಕೊಂಡ. ಅವಳು ಮತ್ತೆ ಹೋಗಿ ಗೋಣಿಯ ಮೇಲೆ ಕೂತಳು. ಇಂದ್ರೇಶ ಬಾಯಿಗಿಟ್ಟ. ಎಲ್ಲೂ ಹರಳಿರಲಿಲ್ಲ, ಒಂದು ಚೂರೂ ಹಲ್ಲಿಗೆ ಸಿಗಲಿಲ್ಲ. ತಿಂಗಳುಗಟ್ಟಲೆ ಯಾವುದಕ್ಕಾಗಿ ಅಲಗು ಮಸೆದಿದ್ದನೋ ಅದೇ ಇದು, ಅದಕ್ಕಿಂತಲೂ ಚೆನ್ನಾಗಿತ್ತು. ಇಷ್ಟು ಚೆನ್ನಾಗಿ ಮಾಡಿದವನು ನಾನೇ, ಈಗ ಆ ಮಾತು ಹೇಳಿದವನೂ ನಾನೇ, ಇದು ಹೇಗೆ ಎಂದು ಅವನಿಗೆ ಅರ್ಥವಾಗಲಿಲ್ಲ. ನಾಲಿಗೆ ಮರಗಟ್ಟುತ್ತ ಬಂತು. ಸಿರಪ್ ಬೆರಳುಗಳ ಸಂದಿಯಿಂದ ಇಳಿದು ಮಣಿಕಟ್ಟು ದಾಟಿ ಮೊಣಕೈಯವರೆಗೂ ಹರಿಯಿತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಮೈಸೂರಿನ ಕಡೆಯ ಹೆಂಗಸೊಬ್ಬಳು ಮಗುವಿನ ಕೈ ಹಿಡಿದುಕೊಂಡು ಯಂತ್ರವನ್ನೇ ನೋಡುತ್ತ ನಿಂತಿದ್ದಳು. "ಎಷ್ಟು ಚೆನ್ನಾಗಿದೆ ರೀ ಇದು! ಎಲ್ಲಿ ತಗೊಂಡ್ರಿ? ನಮ್ಮ ಮಾವನೋರ ಕ್ಯಾಂಟೀನಿಗೆ ಇಂಥದ್ದೇ ಹುಡುಕ್ತಿದ್ರು."

"ತಗೊಂಡಿದ್ದಲ್ಲ. ನಮ್ಮಣ್ಣ ಮಾಡ್ಕೊಟ್ಟಿದ್ದು" ಎಂದಳು ಅರುಣಾ, ಹಿಡಿಕೆ ತಿರುಗಿಸುವುದನ್ನು ನಿಲ್ಲಿಸದೆ. "ನನಗೋಸ್ಕರ ಅಂತಲೇ ಮಾಡಿದ್ದು."

"ಹೌದಾ! ಎಲ್ಲಿರ್ತಾರೆ ನಿಮ್ಮಣ್ಣ?"

"ಅರಸೀಕೆರೇಲಿ. ಇವತ್ತು ಬರ್ತೀನಿ ಅಂದಿದ್ದ" ಎಂದು ಅವಳು ತಲೆಯೆತ್ತಿದಳು. ಅವಳ ಕಣ್ಣು ಇಂದ್ರೇಶನ ಮೇಲೆ ಹಾದು, ನಿಲ್ಲದೆ, ಬಸ್ಸು ಬರುವ ರಸ್ತೆಯ ಕಡೆ ಹೋಯಿತು. "ಇನ್ನೂ ಬಂದಿಲ್ಲ."

ಆ ಹೆಂಗಸು ರಸ್ತೆಯ ಕಡೆ ನೋಡಿದಳು. ಇಂದ್ರೇಶನೂ ನೋಡಿದ.